ಎರಡು ಕಿಲೋಬೈಟಿನ ಪಾಠಶಾಲೆಗೆ ಬೀಗ ಹಾಕಬೇಡಿ

“ಅದ್ಯಾವ್ದೋ ಹಳೇ ವಿಡಿಯೋ ಗೇಮ್‌ಗೆ ಪ್ರೋಗ್ರಾಮ್ ಬರೀತಾವ್ನಂತೆ. ಅದ್ರಿಂದ ಕೆಲ್ಸ ಸಿಕ್ತದಾ?”

ಮಂಡ್ಯದ ಮನೆಗಳಲ್ಲಿ, ಮದ್ದೂರಿನ ಕಂಪ್ಯೂಟರ್ ಕ್ಲಾಸುಗಳಲ್ಲಿ, ಮಳವಳ್ಳಿಯಿಂದ ಬೆಳಗ್ಗೆ ಹೊರಡುವ ಬಸ್ಸುಗಳಲ್ಲಿ ಈ ಪ್ರಶ್ನೆ ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ. ಉತ್ತರ ಮೊದಲೇ ತೀರ್ಮಾನವಾಗಿಬಿಟ್ಟಿದೆ: ಸಿಗುವುದಿಲ್ಲ, ಆದ್ದರಿಂದ ಬೇಡ. ಅಪ್ಪ ಇದನ್ನು ಹೇಳುತ್ತಾರೆ, ಮೇಷ್ಟ್ರು ಹೇಳುತ್ತಾರೆ, ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುವವರು ಹೇಳುತ್ತಾರೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಚಿಕ್ಕಪ್ಪನ ಮಗ ಫೋನಿನಲ್ಲಿ ಹೇಳುತ್ತಾನೆ. ಒಬ್ಬರೂ ಎದುರಾಡದ ಈ ಮಾತು ನಮ್ಮ ಮಕ್ಕಳ ತಲೆಯ ಮೇಲೆ ನಾವೇ ಎಳೆಯುತ್ತಿರುವ ಚಪ್ಪಡಿ. ಇದನ್ನು ಯಾರಾದರೂ ಗಟ್ಟಿಯಾಗಿ ಹೇಳಲೇಬೇಕು.

ಯಾವ ಯಂತ್ರದ ವಿಷಯ ಎಂಬುದು ಮೊದಲು ಸ್ಪಷ್ಟವಾಗಲಿ. 1977ರಲ್ಲಿ ಅಮೆರಿಕದ ಅಟಾರಿ ಕಂಪನಿ ಟಿವಿಗೆ ಸಿಕ್ಕಿಸಿ ಆಡುವ ಒಂದು ಪೆಟ್ಟಿಗೆ ತಂದಿತು. 1983ರಲ್ಲಿ ಜಪಾನಿನ ನಿಂಟೆಂಡೊ ಫ್ಯಾಮಿಕಾಮ್ ತಂದಿತು. ಅದರ ನಕಲುಗಳೇ ತೊಂಬತ್ತರ ದಶಕದಲ್ಲಿ ನಮ್ಮ ಅಂಗಡಿಗಳಿಗೆ ಬಂದ ಟಿವಿ ವಿಡಿಯೋ ಗೇಮುಗಳು. ಸಾವಿರಾರು ಆಟಗಳಿವೆ ಎಂದು ಚೀಟಿ ಅಂಟಿಸಿದ ಕ್ಯಾಸೆಟ್ಟು, ಒಳಗೆ ನೋಡಿದರೆ ಅದೇ ಮಾರಿಯೋ, ಅದೇ ಕಾಂಟ್ರಾ. ಈಗ ಮೂವತ್ತೈದು ನಲವತ್ತರ ಆಸುಪಾಸಿನಲ್ಲಿರುವವರು ಆ ಕ್ಯಾಸೆಟ್ಟಿನ ಬಾಯಿಗೆ ಊದಿ ಊದಿ ಮತ್ತೆ ಸಿಕ್ಕಿಸಿದ್ದನ್ನು ಮರೆತಿರಲಾರರು. ಆ ಪೆಟ್ಟಿಗೆಗಳಿಗೆ ಹೊಸದಾಗಿ ಆಟ ಬರೆಯುವವರು ಜಗತ್ತಿನ ತುಂಬ ಇದ್ದಾರೆ. 2019ರಲ್ಲಿ ಜರ್ಮನಿಯ ಮಾರ್ಫ್‌ಕ್ಯಾಟ್ ಗೇಮ್ಸ್ ಎಂಬ ಪುಟ್ಟ ತಂಡ ಮೈಕ್ರೋ ಮೇಜಸ್ ಎಂಬ ಹೊಸ ಆಟವನ್ನು ಫ್ಯಾಮಿಕಾಮ್ ವಂಶದ ಯಂತ್ರಕ್ಕೆ ಬರೆದು, 1985ರ ಸೂಪರ್ ಮಾರಿಯೋ ಹಿಡಿಸಿದ್ದ ಅದೇ 40 ಕಿಲೋಬೈಟಿನಲ್ಲಿ ಕೂರಿಸಿತು. ಮದುವೆ ಮನೆಯಿಂದ ನೀವು ವಾಟ್ಸಾಪಿನಲ್ಲಿ ಕಳಿಸುವ ಒಂದು ಫೋಟೊ ಇದಕ್ಕಿಂತ ದೊಡ್ಡದಿರುತ್ತದೆ.

ಈ ಯಂತ್ರಗಳ ಒಳಗೆ ಏನಿದೆ? ಫ್ಯಾಮಿಕಾಮ್‌ನಲ್ಲಿ ಕೆಲಸಕ್ಕೆ ಸಿಗುವ ಮೆಮೊರಿ 2 ಕಿಲೋಬೈಟ್, ಚಿತ್ರಕ್ಕೆಂದು ಇನ್ನೊಂದು 2 ಕಿಲೋಬೈಟ್. ಅಟಾರಿಯಲ್ಲಿ ಒಟ್ಟು 128 ಬೈಟ್, ಅಷ್ಟೇ. ಎರಡರ ಮಿದುಳೂ ಒಂದೇ ಕುಲದ್ದು: 1975ರಲ್ಲಿ ಚಕ್ ಪೆಡಲ್ ಮತ್ತು ಸಂಗಡಿಗರು ರೂಪಿಸಿ 25 ಡಾಲರಿಗೆ ಮಾರಿದ 6502 ಎಂಬ ಚಿಪ್ಪು. ಭಾರತ ಸರ್ಕಾರ 1984-85ರಲ್ಲಿ ಕ್ಲಾಸ್ ಎಂಬ ಯೋಜನೆಯಡಿ ಶಾಲೆಗಳಿಗೆ ಕಂಪ್ಯೂಟರ್ ಕಲಿಸಲು ಹೊರಟಾಗ ಆರಿಸಿಕೊಂಡ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರಿನಲ್ಲೂ ಇದೇ ಚಿಪ್ಪು ಇತ್ತು. ಇದಕ್ಕೆ ಗೊತ್ತಿರುವುದು 56 ಆದೇಶಗಳು ಮಾತ್ರ. ಲೆಕ್ಕ ಹಿಡಿದುಕೊಳ್ಳಲು ಮೂರು ಪುಟ್ಟ ಜಾಗ: ಎ, ಎಕ್ಸ್, ವೈ. ಗುಣಾಕಾರ ಬರುವುದಿಲ್ಲ. ಹತ್ತರಿಂದ ಗುಣಿಸಬೇಕಾದರೆ ಸಂಖ್ಯೆಯನ್ನು ಮೂರು ಸಲ ಎಡಕ್ಕೆ ಸರಿಸಿ ಎಂಟರಷ್ಟು ಮಾಡಿಕೊಳ್ಳಬೇಕು, ಒಂದು ಸಲ ಸರಿಸಿ ಎರಡರಷ್ಟು ಮಾಡಿಕೊಳ್ಳಬೇಕು, ಆಮೇಲೆ ಎರಡನ್ನೂ ಕೂಡಬೇಕು. ಇಡೀ ಯಂತ್ರವನ್ನು ಒಬ್ಬ ಮನುಷ್ಯ ತನ್ನ ತಲೆಯೊಳಗೆ ಪೂರ್ತಿ ಇಟ್ಟುಕೊಳ್ಳಬಹುದು. ಈಗಿನ ಯಾವ ಫೋನಿನ ವಿಷಯದಲ್ಲಿ, ಯಾವ ಲ್ಯಾಪ್‌ಟಾಪಿನ ವಿಷಯದಲ್ಲಿ ಈ ಮಾತು ಹೇಳಬಲ್ಲಿರಿ? ಅದನ್ನು ತಯಾರಿಸಿದ ಕಂಪನಿಯ ಒಬ್ಬನೇ ಒಬ್ಬ ಇಂಜಿನಿಯರ್ ಕೂಡ ಹಾಗೆ ಹೇಳಲಾರ.

‘ಹಳೆಯದು’ ಎಂದು ತಳ್ಳಿಹಾಕುವವರು ಈ ಒಂದು ಗುಣವನ್ನೇ ಕಾಣುತ್ತಿಲ್ಲ. ಚಿಕ್ಕದಾಗಿರುವುದರಿಂದಲೇ ಇದು ಕಲಿಸುತ್ತದೆ.

ಇನ್ನು ‘ಕೆಲಸ ಕೊಡುವುದನ್ನು ಮಾತ್ರ ಕಲಿ’ ಎಂಬ ಉಪದೇಶವನ್ನು ನೋಡೋಣ. ಕೆಲಸ ಕೊಡುವುದು ಯಾವುದು? ಇಪ್ಪತ್ತೈದು ವರ್ಷದ ಹಿಂದೆ ವಿಷುಯಲ್ ಬೇಸಿಕ್ ಅಂದರು. ಆಮೇಲೆ ಜಾವಾ ಅಂದರು. ಆಮೇಲೆ ಟೆಸ್ಟಿಂಗ್ ಕೋರ್ಸ್ ಮಾಡಿದರೆ ಸಾಕು ಅಂದರು. ಆಂಡ್ರಾಯ್ಡ್ ಅಂದರು, ಪೈಥಾನ್ ಅಂದರು, ಡೇಟಾ ಸೈನ್ಸ್ ಅಂದರು, ಈಗ ಎಐ ಅನ್ನುತ್ತಿದ್ದಾರೆ. ಪ್ರತಿ ಸಲವೂ ಬೋರ್ಡ್ ಬದಲಾಯಿತು, ಫೀಸು ಏರಿತು. ಪ್ರತಿ ಸಲವೂ ಕಬ್ಬಿನ ಬಾಕಿ ಹಣ ಬರಲಿ ಎಂದು ಕಾದು, ಇಲ್ಲವೇ ಒಡವೆ ಅಡವಿಟ್ಟು ಆ ಫೀಸು ಕಟ್ಟಿದವರು ನಮ್ಮ ಹಳ್ಳಿಯ ತಂದೆತಾಯಿ. ಹಿಂದಿನ ಬ್ಯಾಚಿನ ಹುಡುಗ ಮೂರು ತಿಂಗಳಲ್ಲಿ ಬಾಯಿಪಾಠ ಮಾಡಿದ್ದು ಮುಂದಿನ ಬ್ಯಾಚಿನ ಹೊತ್ತಿಗೆ ಬೇಡವಾಯಿತು. ಆ ಹುಡುಗನಿಗೆ ಯಾರು ಉತ್ತರ ಹೇಳಿದರು? ಅವನ ಕೈಗೆ ಕೊಟ್ಟದ್ದು ಬೇರೆಯವರ ಉಪಕರಣದ ಗುಂಡಿಗಳ ಪರಿಚಯ. ಗುಂಡಿ ಜಾಗ ಬದಲಾಯಿಸಿದಾಗ ಅವನಿಗೆ ಏನೂ ತೋಚದಂತಾಯಿತು. 6502 ಕಲಿತವನಿಗೆ ಬೈಟ್ ಎಂದರೇನು, ವಿಳಾಸ ಎಂದರೇನು, ಅಡಚಣೆ ಬಂದಾಗ ಯಂತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲಿಗೆ ಹೋಗಿ ಹೇಗೆ ವಾಪಸು ಬರುತ್ತದೆ ಎಂಬುದು ಬೆರಳ ತುದಿಯಲ್ಲಿರುತ್ತದೆ. ಆ ತಿಳಿವಳಿಕೆ ಐವತ್ತು ವರ್ಷಗಳಿಂದ ಬದಲಾಗಿಲ್ಲ. ಅವನು ಜಾವಾವನ್ನೂ ಕಲಿಯುತ್ತಾನೆ, ಅದರ ಮುಂದಿನದನ್ನೂ ಕಲಿಯುತ್ತಾನೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರ ಬಗ್ಗೆ ಮಾತಾಡುವಾಗ ಎಲ್ಲರೂ ಕನಿಕರ ತೋರಿಸುತ್ತಾರೆ. ‘ಪಾಪ, ಇಂಗ್ಲಿಷ್ ಬರಲ್ಲ, ಕೋಡಿಂಗ್ ಕಷ್ಟ’ ಎಂಬ ಈ ಕನಿಕರವೇ ಅವರ ಕಾಲಿಗೆ ಕಟ್ಟಿದ ಕಲ್ಲು. ಈಗಿನ ಒಂದು ಫ್ರೇಮ್‌ವರ್ಕ್ ಕಲಿಯಲು ಸಾವಿರಾರು ಪುಟ ಇಂಗ್ಲಿಷ್ ಓದಬೇಕು, ನಿಜ. 6502ಕ್ಕೆ ಬೇಕಾದದ್ದು ಮೂರು ಮೂರು ಅಕ್ಷರದ 56 ಪದ. ಎಲ್‌ಡಿಎ ಎಂದರೆ ಎತ್ತಿಕೊ, ಎಸ್‌ಟಿಎ ಎಂದರೆ ಇಟ್ಟುಬಿಡು, ಜೆಎಂಪಿ ಎಂದರೆ ಅಲ್ಲಿಗೆ ಹಾರು. ಎಸ್ಸೆಸ್ಸೆಲ್ಸಿ ಗಣಿತ ಪಾಸಾದ ಯಾವ ಮಗುವಿಗೂ ಇದನ್ನು ಪೂರ್ತಿ ಕನ್ನಡದಲ್ಲೇ ಹೇಳಿಕೊಡಬಹುದು. ಆದರೂ ಯಾಕೆ ಹೇಳಿಕೊಡುತ್ತಿಲ್ಲ?

ಹೇಳಿಕೊಟ್ಟರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ತೋರಿಸುತ್ತೇನೆ. ಮಳವಳ್ಳಿ ಕಡೆಯ ಒಬ್ಬ ಡಿಪ್ಲೊಮಾ ಹುಡುಗ ಭಾನುವಾರಗಳಲ್ಲಿ ನನ್ನ ಬಳಿ ಬರುತ್ತಾನೆ. ಅಣ್ಣನ ಹಳೇ ಲ್ಯಾಪ್‌ಟಾಪು, ಬ್ಯಾಟರಿ ಸತ್ತು ಹೋಗಿದೆ, ಸದಾ ಕರೆಂಟಿಗೆ ಸಿಕ್ಕಿಸಿಯೇ ಇರಬೇಕು. ಅದರಲ್ಲಿ ಆದೇಶಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಸಿಎ65 ಎಂಬ ಅಸೆಂಬ್ಲರ್, ಹಳೇ ಯಂತ್ರದಂತೆಯೇ ನಡೆದುಕೊಳ್ಳುವ ಮೆಸೆನ್ ಎಂಬ ಎಮ್ಯುಲೇಟರ್. ಎರಡೂ ಪುಕ್ಕಟೆ. ಅವನು ಬರೆಯುತ್ತಿರುವುದು ಚೌಕಾಬಾರ. ಅವನ ಅಜ್ಜಿ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಆಡುವ ಅದೇ ಐದೈದು ಮನೆಯ ಆಟ.

ಮೊದಲು ಕವಡೆ. ನಾಲ್ಕು ಕವಡೆ ಅಂದರೆ ನಾಲ್ಕು ಬಿಟ್. ಬಾಯಿ ಮೇಲಾಗಿ ಬಿದ್ದರೆ 1, ಬೋರಲು ಬಿದ್ದರೆ 0. ಒಂದುಗಳನ್ನು ಎಣಿಸಿದರೆ ಗರ ಗೊತ್ತಾಯಿತು. ನಾಲ್ಕೂ ಒಂದಾದರೆ ಚೌಕ. ನಾಲ್ಕೂ ಸೊನ್ನೆಯಾದರೆ ಬಾರ, ಎಂಟು ಮನೆ. ಇದನ್ನು ನಾನು ಹೇಳಿಕೊಡಲಿಲ್ಲ, ಅವನೇ ಕಂಡುಕೊಂಡ. ಕವಡೆ ಯದ್ವಾತದ್ವಾ ಬೀಳುವಂತೆ ಮಾಡುವುದು ಹೇಗೆ? ಒಂದು ಬೈಟಿನ ಬಿಟ್‌ಗಳನ್ನು ಒಂದು ನಿಯಮದಂತೆ ಸರಿಸುತ್ತ ಹೋದರೆ 255 ಬೇರೆ ಬೇರೆ ಸಂಖ್ಯೆ ಬಂದ ಮೇಲೆಯೇ ಮೊದಲಿನದು ಮರಳಿ ಬರುತ್ತದೆ. 1982ರಲ್ಲಿ ಡೇವಿಡ್ ಕ್ರೇನ್ ತನ್ನ ಪಿಟ್‌ಫಾಲ್ ಆಟದ 255 ಕಾಡಿನ ದೃಶ್ಯಗಳನ್ನು ಅಟಾರಿಯ 4 ಕಿಲೋಬೈಟಿನಲ್ಲಿ ತುಂಬಿದ್ದು ಇದೇ ಉಪಾಯದಿಂದ. ಅದೇ ವರ್ಷ ಕ್ಯಾರಲ್ ಶಾ ಎಂಬ ಹೆಣ್ಣುಮಗಳು ರಿವರ್ ರೇಡ್ ಆಟದಲ್ಲಿ ಮುಗಿಯದಂತೆ ಹರಿಯುವ ನದಿಯನ್ನು ಇದೇ ಬಗೆಯ ಲೆಕ್ಕದಿಂದ ಹುಟ್ಟಿಸಿದಳು. ಮಳವಳ್ಳಿಯ ಹುಡುಗ ಅದರಿಂದ ಕವಡೆ ಉರುಳಿಸಿದ. ಆಡುವವರು ಬಟನ್ ಒತ್ತುವ ಕ್ಷಣಕ್ಕೆ ಬೈಟು ಎಲ್ಲಿಗೆ ತಲುಪಿತ್ತೋ ಅದೇ ಗರ.

ಆಮೇಲೆ ಕಾಯಿಗಳ ದಾರಿ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಹಣ್ಣಾಗುವ ಮನೆ ಒಂದು. ನಾಲ್ವರು ಆಟಗಾರರಿಗೆ ನಾಲ್ಕು ದಾರಿಯ ಪಟ್ಟಿ ಬರೆದಿದ್ದ. ನೋಡುತ್ತ ನೋಡುತ್ತ ಅವನಿಗೇ ಹೊಳೆಯಿತು: ಎಲ್ಲವೂ ಒಂದೇ ದಾರಿ, ಹೊರಸುತ್ತಿನಲ್ಲಿ ನಾಲ್ಕು ನಾಲ್ಕು ಮನೆ, ಒಳಸುತ್ತಿನಲ್ಲಿ ಎರಡೆರಡು ಮನೆ ಸರಿದಿದೆ ಅಷ್ಟೇ. ಒಂದೇ ಪಟ್ಟಿ ಇಟ್ಟುಕೊಂಡು ನಾಲ್ಕು ಕೂಡಿ, 15ರ ಜೊತೆ ಆಂಡ್ ಮಾಡಿದರೆ ಹದಿನಾರು ದಾಟಿದ್ದು ತಾನಾಗಿ ಸೊನ್ನೆಗೆ ಬರುತ್ತದೆ. ಹದಿನಾರು ಕಾಯಿಗೆ ಹದಿನಾರು ಬೈಟ್. ಇಡೀ ಜಗಲಿಯ ಆಟ ಆ ಪುಟ್ಟ ಜಾಗದಲ್ಲಿ ಕೂತಿತು.

ಆಗ ಒಂದು ಕಾಯಿ ಕಾಣೆಯಾಯಿತು. ಎಡಗಡೆಯವನ ನಾಲ್ಕು ಕಾಯಿ, ಬಲಗಡೆಯವನ ನಾಲ್ಕು ಕಾಯಿ ಇನ್ನೂ ಮನೆಯಲ್ಲೇ ಸಾಲಾಗಿ ನಿಂತಿದ್ದಾಗ ಮೂರನೆಯವನ ಕಾಯಿ ಆ ಸಾಲಿಗೆ ಕಾಲಿಟ್ಟರೆ ಮಾಯ. ಮುಂದಿನ ಮನೆಗೆ ಹೋದರೆ ಮತ್ತೆ ಪ್ರತ್ಯಕ್ಷ. ಪ್ರೋಗ್ರಾಮಿನ ಸಾಲು ಸಾಲು ಹುಡುಕಿದ, ತಪ್ಪು ಸಿಗಲಿಲ್ಲ. ಏಕೆಂದರೆ ತಪ್ಪು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಫ್ಯಾಮಿಕಾಮ್‌ನ ಚಿತ್ರದ ಚಿಪ್ಪು ಟಿವಿಯ ಒಂದು ಅಡ್ಡಗೆರೆಯಲ್ಲಿ ಎಂಟು ಸ್ಪ್ರೈಟ್, ಅಂದರೆ ಓಡಾಡುವ ಪುಟ್ಟ ಚಿತ್ರ, ಮಾತ್ರ ಬರೆಯಬಲ್ಲದು. ಒಂಬತ್ತನೆಯದನ್ನು ಬಿಟ್ಟುಬಿಡುತ್ತದೆ. ಅದನ್ನು ತಿಳಿದ ಮೇಲೆ ಅವನು ಕಾಯಿಗಳನ್ನು ಮನೆಯೊಳಗೆ ಎರಡರ ಮೇಲೆ ಎರಡು ನಿಲ್ಲಿಸಿದ, ಕಾಯಿ ಮರಳಿ ಬಂತು. ತಾನು ಬರೆದದ್ದು ಸರಿಯಿದ್ದರೂ ಯಂತ್ರದ ಮಿತಿ ಬೇರೆ ಇರುತ್ತದೆ, ಆ ಮಿತಿಯನ್ನು ಅರಿತು ಬರೆಯಬೇಕು ಎಂಬ ಈ ಪಾಠವನ್ನು ಯಾವ ಕೋರ್ಸಿನ ಸರ್ಟಿಫಿಕೇಟು ಅವನಿಗೆ ಕಲಿಸುತ್ತಿತ್ತು? ಅವನ ತಂದೆ ಇವತ್ತಿಗೂ ಕೇಳುತ್ತಿರುವುದು, “ಏನ್ಲಾ ಮಗ, ಓದದ್ ಬಿಟ್ಟು ಆಟ ಆಡ್ತಾ ಕುಂತಿದೀಯಾ?” ಎಂದೇ. ಆ ತಂದೆಯ ಮೇಲೆ ನನಗೆ ಸಿಟ್ಟಿಲ್ಲ. ಇದೂ ಓದೇ ಎಂದು ಅವರಿಗೆ ಹೇಳಬೇಕಾದವರು ಬಾಯಿ ಮುಚ್ಚಿಕೊಂಡಿದ್ದಾರೆ, ಸಿಟ್ಟು ಅವರ ಮೇಲೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅಸಲಿ ಯಂತ್ರದಲ್ಲಿ ಟಿವಿಯ ಚಿತ್ರ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಚಿತ್ರ ಮೂಡುತ್ತಿರುವಾಗ ನೀವು ಚಿತ್ರದ ಮೆಮೊರಿಗೆ ಕೈ ಹಾಕುವಂತಿಲ್ಲ, ಹಾಕಿದರೆ ಪರದೆ ಕದಡಿ ಹೋಗುತ್ತದೆ. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನಲ್ಲಿ, ಚಿಪ್ಪಿನ ಸುಮಾರು 2,270 ಸೈಕಲ್‌ಗಳಲ್ಲಿ, ಅಂದರೆ ಮಿಡಿತಗಳಲ್ಲಿ, ಬದಲಾಯಿಸಬೇಕಾದದ್ದನ್ನೆಲ್ಲ ಬದಲಾಯಿಸಿ ಮುಗಿಸಬೇಕು. ಸ್ಪ್ರೈಟ್‌ಗಳ ಪಟ್ಟಿ ಕಳಿಸುವುದಕ್ಕೇ ಅದರಲ್ಲಿ 513 ಸೈಕಲ್ ಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ ಗದ್ದೆಯಿರುವ ಮನೆಯ ಮಕ್ಕಳಿಗೆ ಇದನ್ನು ವಿವರಿಸಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸರದಿ ಬಂದಾಗ ಮಾತ್ರ ತೂಬು ಎತ್ತಬಹುದು, ಸರದಿ ಮುಗಿಯುವುದರೊಳಗೆ ಯಾವ ಮಡಿಗೆ ಮೊದಲು ಎಂದು ತೀರ್ಮಾನ ಮಾಡಿಕೊಂಡಿರಬೇಕು ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತು. ಅಟಾರಿಯಲ್ಲಂತೂ ಕಟ್ಟುನಿಟ್ಟು ಇನ್ನೂ ಜಾಸ್ತಿ. ಚಿತ್ರವನ್ನು ಇಟ್ಟುಕೊಳ್ಳಲು ಮೆಮೊರಿಯೇ ಇಲ್ಲ. ಟಿವಿ ಒಂದೊಂದು ಗೆರೆ ಎಳೆಯುವಾಗಲೂ ಪ್ರೋಗ್ರಾಮ್ ಅದರ ಜೊತೆಗೇ ಓಡುತ್ತ ಆ ಗೆರೆಯಲ್ಲಿ ಏನಿರಬೇಕು ಎಂದು ಹೇಳುತ್ತಿರಬೇಕು. ಗೆರೆಯೊಂದಕ್ಕೆ 76 ಸೈಕಲ್. ಅತಿ ಚಿಕ್ಕ ಆದೇಶಕ್ಕೂ ಎರಡು ಸೈಕಲ್ ಬೇಕು. ಲೆಕ್ಕ ಹಾಕಿ, ಹೆಚ್ಚೆಂದರೆ 38 ಆದೇಶ.

ಈಗ ನಮ್ಮ ಕಾಲೇಜುಗಳ ಲ್ಯಾಬಿನೊಳಗೆ ಬನ್ನಿ. ಮೈಕ್ರೋಪ್ರೊಸೆಸರು, ಮೈಕ್ರೋಕಂಟ್ರೋಲರು ಎಂಬ ವಿಷಯಗಳು ಪಠ್ಯದಲ್ಲಿ ಇದ್ದೇ ಇರುತ್ತವೆ. ಎರಡು ಸಂಖ್ಯೆ ಕೂಡಿ, ಹತ್ತು ಸಂಖ್ಯೆಯಲ್ಲಿ ದೊಡ್ಡದು ಹುಡುಕಿ, ಅವನ್ನೇ ಏರಿಕೆ ಕ್ರಮದಲ್ಲಿ ಜೋಡಿಸಿ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನೋಡಿ ಈ ವರ್ಷದವರು ನಕಲು ಇಳಿಸುತ್ತಾರೆ. ಪ್ರೋಗ್ರಾಮ್ ಓಡಿತೋ ಇಲ್ಲವೋ, ರೆಕಾರ್ಡಿಗೆ ಸಹಿ ಬಿದ್ದರೆ ಮುಗಿಯಿತು. ವೈವಾದಲ್ಲಿ ಕೇಳುವ ಪ್ರಶ್ನೆಗಳೂ ಹಳೆಯವೇ, ಉತ್ತರಗಳೂ ಹಳೆಯವೇ. ನಾನು ಕಂಡ ಒಂದು ಲ್ಯಾಬಿನಲ್ಲಿ ಬೋಧನಾ ಕಿಟ್‌ಗಳು ಬೀರುವಿನೊಳಗೆ ಧೂಳು ಹಿಡಿದು ಕೂತಿದ್ದವು, ಪರೀಕ್ಷೆ ಮಾತ್ರ ತಪ್ಪದೆ ನಡೆಯುತ್ತಿತ್ತು. ಹೀಗೆ ಕಲಿತವರು ಇಂಜಿನಿಯರುಗಳಾಗಿ ಹೊರಬರುತ್ತಾರೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಯಂತ್ರ ತನ್ನ ಮಾತು ಕೇಳಿದ್ದನ್ನು ಕಣ್ಣಾರೆ ನೋಡದ ಇಂಜಿನಿಯರು! ಹಳೇ ಗೇಮ್ ಬರೆಯುವುದು ಕಾಲಹರಣ ಎನ್ನುವ ಅಧ್ಯಾಪಕರೇ, ಆ ರೆಕಾರ್ಡ್ ಪುಸ್ತಕ ಯಾವ ಹರಣ?

‘ಆಟ’ ಎಂಬ ಮಾತಿಗೇ ಮೂಗು ಮುರಿಯುವ ಇನ್ನೊಂದು ಗುಂಪಿದೆ. ಮೊಬೈಲಿನಲ್ಲಿ ರಮ್ಮಿ ಆಡಿ ಸಾಲ ಮಾಡಿಕೊಂಡವರನ್ನು, ಪಬ್‌ಜಿ ಹಿಡಿದು ಊಟ ಬಿಟ್ಟ ಮಕ್ಕಳನ್ನು ಕಂಡು ಹೆದರಿರುವವರು. ಅವರ ಹೆದರಿಕೆ ನ್ಯಾಯವಾದದ್ದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಆದರೆ ಆ ಹೆದರಿಕೆಯಿಂದ ತಲುಪಿದ ತೀರ್ಮಾನ ಪೂರ್ತಿ ತಲೆಕೆಳಗು. ಆ ಆ್ಯಪುಗಳು ಮಕ್ಕಳನ್ನು ಹೇಗೆ ಹಿಡಿದಿಡುತ್ತವೆ, ಯಾವ ಗಳಿಗೆಯಲ್ಲಿ ಬಹುಮಾನ ತೋರಿಸುತ್ತವೆ, ‘ಅದೃಷ್ಟ’ ಎನ್ನುವುದನ್ನು ಒಳಗೆ ಯಾರು ಬರೆದಿಟ್ಟಿರುತ್ತಾರೆ ಎಂಬುದು ಯಾರಿಗೆ ಚೆನ್ನಾಗಿ ಗೊತ್ತಾಗುತ್ತದೆ? ತಾನೇ ಕವಡೆ ಉರುಳಿಸುವ ಪ್ರೋಗ್ರಾಮ್ ಬರೆದ ಹುಡುಗನಿಗೆ. ಒಂದು ಸಾಲು ಬದಲಾಯಿಸಿದರೆ ಬಾರ ಬೀಳದಂತೆ ಮಾಡಬಹುದು ಎಂದು ಅವನು ಕಂಡಿದ್ದಾನೆ. ಅವನು ರಮ್ಮಿ ಆ್ಯಪಿಗೆ ಹಣ ಕಟ್ಟುವುದಿಲ್ಲ. ಆಟ ಬರೆಯುವುದನ್ನು ಮಕ್ಕಳಿಂದ ಕಿತ್ತುಕೊಂಡು, ಆಡುವ ಫೋನನ್ನು ಮಾತ್ರ ಅವರ ಕೈಯಲ್ಲಿ ಬಿಟ್ಟಿದ್ದೀರಿ. ಇದು ಯಾವ ರಕ್ಷಣೆ?

‘ಗೇಮ್ ಉದ್ಯಮಕ್ಕೇ ಹೋಗಲಿ, ಆದರೆ ಹೊಸ ಸಾಫ್ಟ್‌ವೇರ್ ಕಲಿತು ಹೋಗಲಿ’ ಎನ್ನುವವರೂ ಇದ್ದಾರೆ. ಬೆಂಗಳೂರಿನಲ್ಲಿ ಆ ಉದ್ಯಮ ಹೇಗೆ ಬೆಳೆಯಿತು ನೋಡಿ. 1997ರಲ್ಲಿ ರಾಜೇಶ್ ರಾವ್ ಅಲ್ಲಿ ಧ್ರುವ ಇಂಟರ್‌ಆಕ್ಟಿವ್ ಕಟ್ಟಿದರು. ಗೇಮ್ ಸ್ಟುಡಿಯೋ ಎಂದರೆ ಏನೆಂದು ತಿಳಿಯದ ಕಾಲದಲ್ಲಿ ಅದು ದೊಡ್ಡ ಸಾಹಸ, ಅದಕ್ಕೆ ಗೌರವ ಸಲ್ಲಬೇಕು. ಆದರೆ ಆ ಸಂಸ್ಥೆಯೂ ಉಳಿಯಲು ಹೊರದೇಶದವರ ಆಟಗಳಿಗೆ ಕಾರು, ಕಟ್ಟಡ, ಆಕೃತಿಗಳನ್ನು ರೂಪಿಸಿಕೊಡುವ ಕೆಲಸವನ್ನೇ ಹೆಚ್ಚಾಗಿ ನೆಚ್ಚಿಕೊಳ್ಳಬೇಕಾಯಿತು. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕೈಗೆ ಹೋಯಿತು. ಕರ್ನಾಟಕ 2012ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ನೀತಿ ಮಾಡಿತು. ಅಷ್ಟಾದರೂ ಕನ್ನಡದ ಮಗುವೊಂದು ‘ಇದು ನಮ್ಮ ಆಟ’ ಎಂದು ಎದೆ ತಟ್ಟಿ ಹೇಳುವ ಆಟ ಎಷ್ಟಿವೆ? ಸಾವಿರ ಜನ ಸೇರಿ ಮಾಡುವ ಆಟದಲ್ಲಿ ನಮ್ಮ ಹುಡುಗ ಯಾವುದೋ ಬಾಗಿಲಿನ ಹಿಡಿಕೆಗೆ ಬಣ್ಣ ಹಚ್ಚುತ್ತಾನೆ. ಹಳೆಯ ಯಂತ್ರದಲ್ಲಿ ಕಥೆ, ಚಿತ್ರ, ಸಂಗೀತ, ಲೆಕ್ಕ ನಾಲ್ಕೂ ಒಬ್ಬನದೇ. ಒಬ್ಬನೇ ಕೂತು ಪೂರ್ತಿ ಮಾಡಿ ಮುಗಿಸಬಹುದು. ಅಟಾರಿ ಕಂಪನಿ ತನ್ನ ಆಟಗಳ ಮೇಲೆ ಬರೆದವರ ಹೆಸರು ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಅಡ್ವೆಂಚರ್ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ ತನ್ನ ಹೆಸರು ಬರೆದಿಟ್ಟ. ಡೇವಿಡ್ ಕ್ರೇನ್ ಮತ್ತು ಗೆಳೆಯರು 1979ರಲ್ಲಿ ಹೊರಬಂದು ಆ್ಯಕ್ಟಿವಿಷನ್ ಕಟ್ಟಿ ಡಬ್ಬಿಯ ಮೇಲೆ ಬರೆದವರ ಹೆಸರು ಹಾಕಿದರು. ತನ್ನ ಹೆಸರಿಗೆ ತಾನೇ ಹೊಣೆಯಾಗುವ ಕೆಲಸ ಹೇಗಿರುತ್ತದೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತಾಗಬೇಡವೇ?

ನಮ್ಮ ಭಾಷೆಯ ವಿಷಯವೂ ಇಲ್ಲಿದೆ. ಫ್ಯಾಮಿಕಾಮ್‌ನ ಪರದೆಯಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 30 ಚೌಕಗಳು. ಒಂದೊಂದು ಚೌಕ ಎಂಟಕ್ಕೆ ಎಂಟು ಚುಕ್ಕೆ. ಇಂಗ್ಲಿಷಿನ ಒಂದು ಅಕ್ಷರ ಒಂದು ಚೌಕದಲ್ಲಿ ಆರಾಮಾಗಿ ಕೂರುತ್ತದೆ. ‘ಮದ್ದೂರು’ ಎಂದು ಬರೆಯಲು ಹೊರಡಿ. ದಕಾರ, ಅದರ ಬಲಕ್ಕೆ ದೀರ್ಘದ ಕೊಂಬು, ಕೆಳಗೆ ಒತ್ತಕ್ಷರ. ಅಕ್ಷರಕ್ಕೆ ಎರಡು ಚೌಕ ಅಗಲ, ಒತ್ತು ಸೇರಿ ಮೂರು ಚೌಕ ಎತ್ತರ ಬೇಕಾಗುತ್ತದೆ, ಕೊಂಬಿಗೆ ಇನ್ನೂ ಒಂದಿಷ್ಟು ಜಾಗ. ಕೊಂಬನ್ನು ಬಿಟ್ಟರೂ ಪರದೆಯ ತುಂಬ 160 ಅಕ್ಷರ ಮಾತ್ರ. ಹಿನ್ನೆಲೆಗೆ ಒಮ್ಮೆಗೆ ಸಿಗುವ ಚೌಕದ ಚಿತ್ರಗಳು 256. ಕನ್ನಡದ ಗುಣಿತ, ಒತ್ತು ಎಲ್ಲವನ್ನೂ ಪೂರ್ತಿ ಅಕ್ಷರಗಳಾಗಿ ಬರೆದಿಡಲು ಸಾಧ್ಯವೇ ಇಲ್ಲ. ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಬಿಡಿಬಿಡಿ ತುಂಡು ಮಾಡಿ ಜೋಡಿಸಬೇಕು. ಈ ಕೆಲಸಕ್ಕೆ ಕೂತ ಹುಡುಗಿಗೆ ತನ್ನ ಲಿಪಿಯ ಮೂಳೆ ಮಾಂಸ ಅರ್ಥವಾಗುತ್ತದೆ. ಕೆ.ಪಿ. ರಾವ್ ಅವರಂಥವರು ಕನ್ನಡವನ್ನು ಕಂಪ್ಯೂಟರಿಗೆ ತರುವಾಗ ಎದುರಿಸಿದ ಕಷ್ಟದ ಒಂದು ಪಾಲನ್ನು ಅವಳು ಸ್ವತಃ ಅನುಭವಿಸುತ್ತಾಳೆ. ನವೆಂಬರ್ ಒಂದರಂದು ಬಾವುಟ ಕಟ್ಟುವ ನಮ್ಮ ಸಂಘಗಳಿಗೆ ಇಂಥ ಕೆಲಸ ಕನ್ನಡದ ಕೆಲಸವೆಂದು ಯಾವಾಗ ಕಾಣುತ್ತದೆ?

ಸದ್ದಿನ ಬಗ್ಗೆ ಒಂದೇ ಮಾತು. ಫ್ಯಾಮಿಕಾಮ್‌ನ ಐದು ಸದ್ದಿನ ದಾರಿಗಳಲ್ಲಿ ಒಂದು ಬರೀ ಗೊರಗೊರ ಸದ್ದಿನದು. ಅದನ್ನು ಸರಿಯಾಗಿ ಕತ್ತರಿಸಿದರೆ ನಮ್ಮ ಪೂಜಾಕುಣಿತದ ತಮಟೆ ಬರುತ್ತದೆ. ಕೇಳಿದ್ದೇನೆ, ಮೈ ಜುಮ್ಮೆನ್ನುತ್ತದೆ.

ಕೊನೆಯದಾಗಿ ಎಲ್ಲರೂ ಹಿಡಿದು ಬರುವ ಬ್ರಹ್ಮಾಸ್ತ್ರ: ‘ಎಲ್ಲಾ ಎಐ ಬರೆದುಕೊಡುತ್ತದೆ, ಇನ್ನು ಯಾರೂ ಏನೂ ಕಲಿಯಬೇಕಿಲ್ಲ.’ ಬರೆದುಕೊಡಲಿ. ಬರೆದುಕೊಟ್ಟದ್ದು ಸರಿಯೇ ಎಂದು ಯಾರು ನೋಡುತ್ತಾರೆ? ಮೂರು ಜೀವ ಇದ್ದವನು ನಾಲ್ಕನೇ ಸಲ ಸತ್ತಾಗ ಸೊನ್ನೆಯಿಂದ ಒಂದು ಕಳೆದು 255 ಜೀವ ಬಂದದ್ದು ಯಾಕೆ ಎಂದು ಎಂಟು ಬಿಟ್ಟಿನ ಲೆಕ್ಕ ಗೊತ್ತಿದ್ದವನು ಹೇಳಬಲ್ಲ, ಉಳಿದವರು ಬೆಪ್ಪಾಗಿ ನೋಡುತ್ತಾರೆ. ಆಟದಲ್ಲಿ ಇದು ತಮಾಷೆ. ಬ್ಯಾಂಕಿನ ಲೆಕ್ಕದಲ್ಲಿ, ಆಸ್ಪತ್ರೆಯ ಯಂತ್ರದಲ್ಲಿ, ಅಣೆಕಟ್ಟೆಯ ಗೇಟಿನಲ್ಲಿ ಇಂಥ ತಪ್ಪನ್ನು ಹಿಡಿಯುವವರು ಯಾರು? ಬುಡ ತಿಳಿದವರು ಕಡಿಮೆಯಾದಷ್ಟೂ ಅಂಥವರ ಬೆಲೆ ಏರುತ್ತದೆ. ದೊಡ್ಡ ಊರಿನ ದುಬಾರಿ ಶಾಲೆಗಳು ಇದನ್ನು ಅರಿತಿವೆ, ಮಕ್ಕಳ ಕೈಗೆ ಬೆಸುಗೆಯ ಕಡ್ಡಿ ಕೊಟ್ಟು ಬುಡದಿಂದ ಕಲಿಸುತ್ತಿವೆ. ಕ್ರ್ಯಾಶ್ ಕೋರ್ಸು ಸಾಕು ಎಂಬ ಮಾತು ಯಾಕೆ ಮಂಡ್ಯ, ಮದ್ದೂರು, ಮಳವಳ್ಳಿಗೇ ಮೀಸಲು?

ಈ ನೆಲ ಹೀಗೆ ಕೈಕಟ್ಟಿ ಕೂತದ್ದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಯವರೆಗೆ ವಿದ್ಯುತ್ ಹರಿಯಿತು, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ತಂತಿದಾರಿಗಳಲ್ಲಿ ಅದೂ ಒಂದು. ಕೆ.ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ತೆರೆದಾಗ ರೈತರ ಮಕ್ಕಳು ಯಂತ್ರದ ಮುಂದೆ ಕೈಮುಗಿದು ನಿಲ್ಲಬಾರದು, ಅದರ ಹೊಟ್ಟೆ ಬಿಚ್ಚಿ ನೋಡಬೇಕು ಎಂಬ ಹಂಬಲ ಈ ಜಿಲ್ಲೆಯಲ್ಲಿತ್ತು. ಆ ಹಂಬಲವನ್ನು ‘ಪ್ಯಾಕೇಜ್ ಎಷ್ಟು’ ಎಂಬ ಎರಡು ಪದಕ್ಕೆ ಇಳಿಸಿದವರು ನಾವು.

ಆಗಬೇಕಾದದ್ದನ್ನು ನೇರವಾಗಿ ಹೇಳುತ್ತೇನೆ. ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ಕಾಲೇಜುಗಳು ಹಳೆಯ ಯಂತ್ರಕ್ಕೆ ಬರೆದ ಆಟವನ್ನು ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳಲಿ. ಅಂಕ ಕೊಡುವಾಗ ರೆಕಾರ್ಡ್ ಪುಸ್ತಕ ಪಕ್ಕಕ್ಕಿಟ್ಟು, ಆಟವನ್ನು ಪರದೆಯ ಮೇಲೆ ಓಡಿಸಿ, ‘ಈ ಸಾಲು ತೆಗೆದರೆ ಏನಾಗುತ್ತದೆ’ ಎಂದು ಕೇಳಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಬಂದಿವೆ. ಅವುಗಳಲ್ಲಿ ಒಂದು ಅಸೆಂಬ್ಲರ್, ಒಂದು ಎಮ್ಯುಲೇಟರ್ ಹಾಕಲು ಒಂದು ಪೈಸೆ ಖರ್ಚಿಲ್ಲ, ದಿನವಿಡೀ ಇಂಟರ್‌ನೆಟ್ಟೂ ಬೇಕಿಲ್ಲ. 56 ಆದೇಶಗಳನ್ನು ವಿವರಿಸುವ ಕನ್ನಡದ ಕೈಪಿಡಿಯೊಂದನ್ನು ಜಿಲ್ಲೆಯ ಅಧ್ಯಾಪಕರು ಸೇರಿ ಬರೆಯಲಿ, ಬರೆಯಲು ನಾನೂ ಕೂರುತ್ತೇನೆ. ಗೇಮಿಂಗ್ ನೀತಿಯ ಹಣ ರಾಜಧಾನಿಯ ಗಾಜಿನ ಕಟ್ಟಡಗಳಲ್ಲೇ ಖರ್ಚಾಗುವುದು ನಿಲ್ಲಲಿ, ಜಿಲ್ಲಾ ಕೇಂದ್ರಗಳಲ್ಲಿ ಕನ್ನಡದ ಪುಟ್ಟ ಆಟಗಳಿಗೆ ಸ್ಪರ್ಧೆ ನಡೆಯಲಿ, ಗೆದ್ದ ಆಟದ ಮೇಲೆ ಬರೆದ ಮಗುವಿನ ಹೆಸರಿರಲಿ. ಮಂಡ್ಯದಿಂದ ಹೋಗಿ ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿರುವ ನೂರಾರು ಅಣ್ಣ ಅಕ್ಕಂದಿರೇ, ಹಬ್ಬಕ್ಕೆ ಊರಿಗೆ ಬಂದಾಗ ‘ಎಐ ಕಲಿ’ ಎಂದು ಬುದ್ಧಿ ಹೇಳಿ ಹೋಗಬೇಡಿ. ತಿಂಗಳಿಗೊಂದು ಭಾನುವಾರ ನಿಮ್ಮೂರಿನ ಶಾಲೆಯಲ್ಲಿ ಕೂತು ಒಂದು ಚುಕ್ಕೆಯನ್ನು ಪರದೆಯ ಮೇಲೆ ಓಡಿಸುವುದು ಹೇಗೆಂದು ಹೇಳಿಕೊಡಿ. ಅಪ್ಪಂದಿರೇ, ಅಮ್ಮಂದಿರೇ, ಸಂಜೆ ಆ ಹಳೇ ಲ್ಯಾಪ್‌ಟಾಪಿನ ಮುಂದೆ ಕೂತ ಮಗನಿಗೆ, ಮಗಳಿಗೆ ‘ಕೆಲ್ಸ ಸಿಕ್ತದಾ’ ಎಂದು ಕೇಳುವುದನ್ನು ಒಂದು ವರ್ಷ ನಿಲ್ಲಿಸಿ. ಪಕ್ಕದಲ್ಲಿ ಕೂತು, ‘ಇದನ್ನ ಹೆಂಗ್ ಮಾಡ್ದೆ, ತೋರ್ಸು’ ಅನ್ನಿ. ಬರುವ ಬೇಸಿಗೆ ರಜೆಯಲ್ಲೇ ಮೂರೂ ಊರುಗಳಲ್ಲಿ ಈ ಕೆಲಸ ಶುರುವಾಗಬೇಕು, ಮುಂದಿನ ವರ್ಷಕ್ಕೆಂದು ತಳ್ಳುವುದು ಬೇಡ.